ಲೇಯಾಳ ಅಮ್ಮ ಮತ್ತು ನಾನು

ಕಳೆದ ಗುರುವಾರ ಒಂದು ಮಕ್ಕಳ ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಪುಸ್ತಕ ನನ್ನದಲ್ಲ. ಬಚ್ಚಿಟ್ಟ ಕಾರಣವೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಅರಬ್ ನಾಡಿನ ಬಂದರು ಊರು ಸಲಾಲಾ. ಇಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಸುಮತಿ ಇದ್ದಾರೆ. ಉಡುಪಿ ಕಡೆಯವರು, ಮನೆಮಾತು ತುಳು. ಸರಕು ಸಾಗಣೆ ಕಂಪನಿಯೊಂದರಲ್ಲಿ ಮಧ್ಯಾಹ್ನದವರೆಗೆ ಕೆಲಸ. ಅವರ ಹೆಣ್ಣುಮಕ್ಕಳಿಬ್ಬರೂ ಕಾಲೇಜಿಗೆಂದು ಮಂಗಳೂರಿಗೆ ಹೋದ ಮೇಲೆ ಅವರ ಇಂಗ್ಲಿಷ್ ಕಥೆಪುಸ್ತಕಗಳ ಕಪಾಟು ನನ್ನ ಮಗಳ ಪಾಲಾಯಿತು. ಅನಘಾ ಐದನೇ ಕ್ಲಾಸು. ಶಾಲೆಯಿಂದ ಬಂದು ಊಟ ಮಾಡಿದ್ದೇ ತಡ, ಮೇಲೆ ಓಡುತ್ತಾಳೆ.

ಈಚೆಗೆ ಒಂದೇ ಪುಸ್ತಕದ ಧ್ಯಾನ. "ಏನೈತಿ ಅದರಾಗ?" ಎಂದು ಕೇಳಿದೆ.

"ಇಟ್ಸ್ ಅಬೌಟ್ ಎ ಜ್ಯೂಯಿಶ್ ಫ್ಯಾಮಿಲಿ, ಮಮ್ಮಿ. ವಾರ್ ಟೈಮ್."

"ನನಗೂ ಒಂದೀಟು ಹೇಳು."

"ಆಂಟಿ ಮತ್ತ ನಾ ಕೂಡಿ ಓದಾಕತ್ತೇವಿ. ಯೂ ವೋಂಟ್ ಗೆಟ್ ಇಟ್."

ಪ್ರತಿವಾರ ಈ ಅಂಕಣವನ್ನು ಬರೆದು ಇಲ್ಲಿಂದ ಪತ್ರಿಕೆಗೆ ಫ್ಯಾಕ್ಸ್ ಮಾಡುವವಳು ನಾನು. ಬೀದರಿನಿಂದ ಹಾವೇರಿಯವರೆಗೆ ನೀವು ಓದಿ ಪತ್ರ ಬರೆಯುತ್ತೀರಿ. ನನ್ನ ಮಗಳು ಮಾತ್ರ ಒಂದು ಸಾಲೂ ಓದಿಲ್ಲ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. (ಕಲಿಸಲಿಲ್ಲವೇ ಎನ್ನಬೇಡಿ. ಎರಡು ಸಲ ಶುರು ಮಾಡಿದ್ದೆ. ಒತ್ತಕ್ಷರದ ಹತ್ತಿರ ಬಂದು ಇಬ್ಬರೂ ಅತ್ತೆವು.)

ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಆ ಗುರುವಾರ ಅನಘಾ ಬೆಳಿಗ್ಗೆಯೇ ಮೇಲೆ ಹೋಗಿದ್ದಳು. ಹೊರಗೆ ಜಿಟಿಜಿಟಿ ಮಳೆ. ಊಟಕ್ಕೆ ಕರೆಯಲು ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಅನಘಾ ಸುಮತಿಯವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವರು ಓದುತ್ತಿದ್ದರು. ಇಬ್ಬರ ಕಣ್ಣಲ್ಲೂ ನೀರು.

ಅವಳು ನನ್ನ ತೊಡೆಯ ಮೇಲೆ ಹಾಗೆ ಮಲಗಿ ಎಷ್ಟು ದಿನವಾಯಿತು?

"ನಿಮ್ಮ ಮಗಳದ್ದು ಭಾರೀ ಮೆದು ಮನಸ್ಸು ಮಾರಾಯ್ರೆ" ಎಂದರು ಸುಮತಿ. ನನ್ನ ಮಗಳು ಎಂಥವಳು ಎಂದು ನನಗೇ ಹೇಳುತ್ತಾರೆ. ಮೈಯೆಲ್ಲ ಉರಿಯಿತು.

ಮನೆಗೆ ಕರೆತಂದು ಪುಸ್ತಕ ಕಸಿದುಕೊಂಡೆ. "ನಾಳಿಂದ ಮ್ಯಾಲೆ ಹೋಗೂದು ಬ್ಯಾಡ."

ಅವಳು ಜಗಳವಾಡಲಿಲ್ಲ. "ಬುಕ್ಕಿನಾಗಿನ ಲೇಯಾನ ಮಮ್ಮಿ ವಾಪಸ್ ಬರ್ತಾಳೋ ಇಲ್ಲೋ, ಅಷ್ಟು ಓದಿ ಹೇಳು" ಎಂದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವ ನನ್ನ ಗಂಡ ಒಂದೇ ಮಾತು ಕೇಳಿದರು: "ಸಿಟ್ಟು ಪುಸ್ತಕದ ಮ್ಯಾಲೋ, ಸುಮತಿಯವರ ಮ್ಯಾಲೋ?"

ಶನಿವಾರ ಅವಳು ಶಾಲೆಗೆ ಹೋದ ಮೇಲೆ ಪುಸ್ತಕ ಹೊರತೆಗೆದೆ. ನಾನು ಗದಗದಲ್ಲಿ ಕನ್ನಡ ಬಿ.ಎ. ಮಾಡಿದವಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಸೋಮವಾರ ಬೆಳಗಿನವರೆಗೆ ಓದಿದೆ.

ಲೇಯಾ ಏಳು ವರ್ಷದ ಯಹೂದಿ ಹುಡುಗಿ. ಅಪ್ಪ ದರ್ಜಿ. ಊರಿಗೆ ನಾಜಿ ಸೈನಿಕರು ಬರುತ್ತಾರೆ. ಯಹೂದಿಗಳಿಗೆ ಮೊದಲು ಶಾಲೆ ಮುಚ್ಚುತ್ತದೆ, ಆಮೇಲೆ ಅಂಗಡಿ, ಆಮೇಲೆ ಸ್ವಂತ ಮನೆಯ ಬಾಗಿಲೇ. ಹಿಡಿದೊಯ್ಯುವ ಹಿಂದಿನ ದಿನ ಅಮ್ಮ ಅವಳನ್ನು ಬ್ರೆಡ್ಡಿನ ಅಂಗಡಿಯವಳಿಗೆ ಒಪ್ಪಿಸುತ್ತಾಳೆ. ಇನ್ನು ಇವಳು ನಿನ್ನ ಮಗಳು ಎಂದು ಹೇಳಿ, ತಿರುಗಿ ನೋಡದೆ ಹೋಗುತ್ತಾಳೆ. ಮೂರು ವರ್ಷ. ಅಪ್ಪ ಮರಳುವುದಿಲ್ಲ. ಅಮ್ಮ ಮರಳುತ್ತಾಳೆ, ಬೋಳು ತಲೆ, ಬರೀ ಎಲುಬು. ಗುರುತು ಸಿಗದೆ ಲೇಯಾ ಅಂಗಡಿಯವಳ ಬೆನ್ನ ಹಿಂದೆ ಅಡಗುತ್ತಾಳೆ.

ಅಮ್ಮ ಅವಳನ್ನು ಎಳೆದುಕೊಳ್ಳುವುದಿಲ್ಲ. ಮೂಲೆಯಲ್ಲಿ ಕೂತು ಅಂಗಡಿಯವಳನ್ನು ಮೆಲ್ಲಗೆ ಕೇಳುತ್ತಾಳೆ: ಇವಳಿಗೆ ಈಗ ತಿನ್ನಲು ಏನು ಇಷ್ಟ?

ಅಲ್ಲಿಂದ ಮುಂದೆ ಓದಲಾಗಲಿಲ್ಲ. ಅವಳ ಗಂಡ ಹೋದ, ಮನೆ ಹೋಯಿತು, ಮಗಳೂ ಗುರುತಿಸಲಿಲ್ಲ. ಆದರೂ ತನ್ನ ಮಗಳಿಗೆ ಏನು ಇಷ್ಟ ಎಂದು ಇನ್ನೊಬ್ಬಳನ್ನು ಕೇಳಬಲ್ಲವಳಾದಳು. ನನಗೆ ಏನಾಗಿತ್ತು? ವೀಸಾ ಇದೆ, ಮನೆಯಿದೆ, ಮಗಳು ಒಂದೇ ಮಹಡಿ ಮೇಲಿದ್ದಳು.

ಸೋಮವಾರ ಮಧ್ಯಾಹ್ನ ಸುಮತಿಯವರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ನನಗ ಹೊಟ್ಟೆಕಿಚ್ಚು ಬಂದಿತ್ತರೀ."

ಅವರು ಚಹಾ ಸೋಸುತ್ತಿದ್ದರು. "ನಂಗೂ ಉಂಟು" ಎಂದರು. "ಐದು ಗಂಟೆ ಆದ ಕೂಡಲೆ ಮಮ್ಮಿ ಕಾಯ್ತಾಳೆ ಅಂತ ಓಡ್ತಾಳಲ್ಲ. ಆಗ ನಂಗೆ ಎಂತ ಆಗ್ತದೆ, ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಇಬ್ಬರೂ ಚಹಾ ಕುಡಿದೆವು.

ಸಂಜೆ ಕೊನೆಯ ಅಧ್ಯಾಯವನ್ನು ಮಗಳಿಗೆ ನಾನೇ ಓದಿದೆ. ನನ್ನ ಉಚ್ಚಾರ ತಿದ್ದುತ್ತ ಕೇಳಿದಳು. ಲೇಯಾ ಕೊನೆಗೆ ಅಮ್ಮನ ಕೈ ಹಿಡಿಯುತ್ತಾಳೆ, ಒಂದು ಬೆರಳು ಮಾತ್ರ.

"ಮಮ್ಮಿ, ನಮಗ ಹಂಗಾಗಿದ್ರ ನನ್ನ ಯಾರಿಗೆ ಕೊಡ್ತಿದ್ದಿ?"

ಇಡೀ ಕಟ್ಟಡವನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ಎರಡನೆಯ ಹೆಸರು ಸಿಗಲಿಲ್ಲ. "ಸುಮತಿ ಆಂಟಿಗೆ" ಎಂದೆ.

"ಗುಡ್ ಚಾಯ್ಸ್" ಎಂದಳು ಮಗಳು.

ಅಷ್ಟು ಬೇಗ ಒಪ್ಪಬೇಕಿತ್ತೇ?