ಕಣ್ಣು ಮುಚ್ಚಿ ಮುಳುಗುವ ಎರ್ರೆಪ್ಪ

ಬೆಳಗಿನ ಆರು ಗಂಟೆ. ಸಿರುಗುಪ್ಪ ತಾಲ್ಲೂಕಿನ ದೇಶನೂರು ಹತ್ತಿರ ತುಂಗಭದ್ರೆ ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿದ್ದಾಳೆ. ದಂಡೆಯಲ್ಲಿ ಎರ್ರೆಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕಿವಿಗೆ ತುರುಕಿಕೊಂಡು, ಹತ್ತು ಕಿಲೋ ತೂಗುವ ಕಲ್ಲೊಂದನ್ನು ಎದೆಗೆ ಅವಚಿಕೊಳ್ಳುತ್ತಾರೆ. ಹಗ್ಗದ ಇನ್ನೊಂದು ತುದಿ ಭಾವಮೈದ ಸುಂಕಪ್ಪನವರ ಕೈಯಲ್ಲಿದೆ. ಆಮೇಲೆ ಎರ್ರೆಪ್ಪ ಕಣ್ಣು ಮುಚ್ಚುತ್ತಾರೆ. ಕಲ್ಲಿನ ಭಾರಕ್ಕೆ ನೀರು ಅವರನ್ನು ಒಳಗೆ ಎಳೆದುಕೊಳ್ಳುತ್ತದೆ.

ನಿನ್ನೆ ಸಂಜೆಯಿಂದ ಹುಡುಕುತ್ತಿರುವುದು ಕುರುಗೋಡಿನ ವೀರಭದ್ರನನ್ನು. ಇಪ್ಪತ್ತೆರಡರ ಹುಡುಗ. ನಿನ್ನೆ ಮಧ್ಯಾಹ್ನ ಗೆಳೆಯರ ಜೊತೆ ಈಜಲು ಬಂದವನು ಮಡುವಿಗೆ ಸಿಕ್ಕಿ ಮೇಲೇಳಲಿಲ್ಲ. ಅವನ ತಾಯಿ ಕೊಟ್ರಮ್ಮ ಸುದ್ದಿ ಮುಟ್ಟಿದಾಗಿನಿಂದ ಇಲ್ಲೇ ಕೂತಿದ್ದಾರೆ. ಮಗ ಬದುಕಿದ್ದಾನೆಂಬ ಆಸೆ ಅವರಿಗೂ ಉಳಿದಿಲ್ಲ. "ಮನಿಗೆ ಒಯ್ದು ಮಣ್ಣು ಕೊಡಬೇಕ್ರಿ. ಹಿಂಗ ಹೊಳ್ಯಾಗ ಬಿಟ್ಟು ನಾ ಹೆಂಗ ಹೋಗ್ಲಿ" ಎನ್ನುತ್ತಾರೆ.

ಎರ್ರೆಪ್ಪನವರಿಗೆ ಐವತ್ತಾರು. ಇರುವ ಎರಡೆಕರೆಯಲ್ಲಿ ಭತ್ತ ಬೆಳೆಯುತ್ತಾರೆ. ಹೊಳೆಯಲ್ಲೋ ಕಾಲುವೆಯಲ್ಲೋ ಯಾರಾದರೂ ಮುಳುಗಿದರೆ ಫೋನ್ ಬರುತ್ತದೆ, ಕುಡುಗೋಲು ಅಲ್ಲೇ ಇಟ್ಟು ಹೊರಡುತ್ತಾರೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ನೂರೆಂಬತ್ತಕ್ಕೂ ಹೆಚ್ಚು ದೇಹಗಳನ್ನು ಮೇಲೆ ತಂದಿದ್ದಾರೆ. ಒಂದು ದಮ್ಮಿಗೆ ಒಂದೂವರೆ ನಿಮಿಷ, ದಿನಕ್ಕೆ ನಲವತ್ತು ಸಲವಾದರೂ ಮುಳುಗು. ಎಡಗಿವಿ ಕೇಳಿಸುವುದು ನಿಂತು ಆರು ವರ್ಷವಾಯಿತು. ವೇದಿಕೆ ಹತ್ತಿ ಹಾರ ಹಾಕಿಸಿಕೊಳ್ಳುವವರಿಗೆ ನಮ್ಮ ಜಿಲ್ಲೆಯಲ್ಲೇನೂ ಕೊರತೆಯಿಲ್ಲ. ಈ ಮನುಷ್ಯನನ್ನು ಮಾತ್ರ ಇಷ್ಟು ವರ್ಷ ಯಾರೂ ಕರೆದಿಲ್ಲ. ಹಾಗೆಂದರೆ ಅವರೇ ನಗುತ್ತಾರೆ: "ಶಾಲು ಹೊದ್ಕೊಂಡು ಏನ್ ಮಾಡ್ಲಿ ರೀ, ಈ ಬಳ್ಳಾರಿ ಬಿಸಿಲಾಗ."

ಕಣ್ಣು ಮುಚ್ಚುವುದೇಕೆಂದು ಕೇಳಿದರೆ ಇವನಿಗಿಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡುತ್ತಾರೆ. "ತೆರದ್ರ ಏನ್ ಕಾಣ್ತೈತಿ? ಬರೇ ರಾಡಿ. ಕಣ್ಣು ತೆರದ್ರ ಮನುಷ್ಯ ಕಣ್ಣನ್ನ ನಂಬ್ತಾನ್ರಿ. ಮುಚ್ಚಿದ್ರ ಕೈಗೆ ಬುದ್ಧಿ ಬರ್ತೈತಿ."

ಇಂಥವರ ಮಗಳು ಮೌನಿಕಾ ಬಳ್ಳಾರಿಯ ಕಂಟೋನ್ಮೆಂಟಿನ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಜಗತ್ತಿನಲ್ಲಿ ಎಲ್ಲೆಲ್ಲಿ ಸ್ಕೂಬಾ ಡೈವಿಂಗ್ ಮಾಡಬಹುದೆಂದು ಗಿರಾಕಿಗಳಿಗೆ ಫೋನಿನಲ್ಲಿ ವಿವರಿಸುವುದೇ ಅವಳ ದಿನಚರಿ. ಭಾನುವಾರ ಊರಿಗೆ ಬಂದಾಗ ಅಪ್ಪನಿಗೆ ವಿಡಿಯೊ ತೋರಿಸುತ್ತಾಳೆ. ಮಾಲ್ಡೀವ್ಸ್, ಈಜಿಪ್ಟಿನ ಕೆಂಪು ಸಮುದ್ರ, ಆಸ್ಟ್ರೇಲಿಯಾದ ಹವಳದ ದಿಬ್ಬ, ಅಂಡಮಾನಿನ ಹ್ಯಾವ್‌ಲಾಕ್, ನಮ್ಮ ಮುರುಡೇಶ್ವರದ ನೇತ್ರಾಣಿ. ಎರ್ರೆಪ್ಪನವರಿಗೆ ಈಗ ಇವೆಲ್ಲ ಪಕ್ಕದ ಹಳ್ಳಿಗಳಷ್ಟು ಪರಿಚಿತ. ಮೊದಲ ಸಲ ನೋಡಿದಾಗ ಮಾತ್ರ ಅವರು ಕೇಳಿದ್ದು ಒಂದೇ ಮಾತು: "ಇಷ್ಟು ಮಂದಿ ಇಳದಾರಲ್ಲವ್ವ, ಯಾರನ್ನ ಹುಡುಕಾಕತ್ತಾರ?"

ಮೌನಿಕಾ ಅದನ್ನು ನೆನೆದು ಇವತ್ತಿಗೂ ಕಣ್ಣೀರು ಹಾಕುತ್ತಾಳೆ. ಖುಷಿಗಾಗಿ ಯಾರಾದರೂ ನೀರಿನ ತಳಕ್ಕೆ ಹೋಗುತ್ತಾರೆಂಬುದು ತಂದೆಗೆ ಅರ್ಥವಾಗಲು ಎರಡು ಭಾನುವಾರ ಹಿಡಿಯಿತಂತೆ.

ಅವರ ಮನಸ್ಸಿನಲ್ಲಿ ನಿಂತದ್ದು ಐಸ್‌ಲ್ಯಾಂಡಿನ ಸಿಲ್ಫ್ರಾ. ನೆಲ ಬಿರುಕುಬಿಟ್ಟ ಜಾಗದಲ್ಲಿ ತುಂಬಿಕೊಂಡ ತಣ್ಣನೆಯ ನೀರು, ಅದರೊಳಗೆ ನೂರು ಮೀಟರ್ ದೂರದ್ದು ಕಾಣುತ್ತದೆ. ಆ ವಿಡಿಯೊ ಮುಗಿದ ಮೇಲೆ ಅವರು ಎದ್ದು ಅಂಗಳಕ್ಕೆ ಹೋಗಿಬಿಟ್ಟರು. ಹೆಂಡತಿ ಪಾರಮ್ಮ ಊಟಕ್ಕೆ ಕರೆದರೂ ಬರಲಿಲ್ಲ. "ಅಂಥ ನೀರಿದ್ದಿದ್ರ ಅರುಣಾನ್ನ ದಂಡಿ ಮ್ಯಾಲ ನಿಂತ ತೋರಿಸ್ತಿದ್ದೆ ರೀ" ಎನ್ನುತ್ತಾರೆ ಈಗ.

ಅರುಣಾ ರಾರಾವಿಯ ಗಾದಿಲಿಂಗಪ್ಪನವರ ಮಗಳು. ಎಂಟು ವರ್ಷದ ಹಿಂದೆ ಹೊಳೆಯ ಪಾಲಾದಳು. ನಮ್ಮ ಕಡೆ ಅಮಾವಾಸ್ಯೆ ದಿನ ಹೊಳೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೇ ಬಿಡುತ್ತಾರೆ, ಪೀಡೆ ಕಳೆಯಿತೆಂದು. ಹಾಗಾಗಿ ಮಡುವಿನ ತಳದ ತುಂಬ ಸೀರೆಗಳು. ಅವತ್ತು ಎರ್ರೆಪ್ಪನ ಕೈಗೆ ಒಂದು ದಪ್ಪ ಜರಿ ಅಂಚು ತಗುಲಿತ್ತು. ಇದೂ ಯಾರೋ ಬಿಟ್ಟದ್ದೇ ಎಂದು ಕೈಬಿಟ್ಟರು. ನಾಲ್ಕನೇ ದಿನ, ಎರಡು ಊರು ಕೆಳಗೆ ಅರುಣಾ ತೇಲಿದಳು. ಎತ್ತಲು ಹೋದ ಎರ್ರೆಪ್ಪನ ಬೆರಳಿಗೆ ಸಿಕ್ಕಿದ್ದು ಅದೇ ಅಂಚು.

"ರಾರಾವಿಗೆ ಹೋಗಿ ಆ ಯಜಮಾನ್ರಿಗೆ ಹೇಳ್ದೆ, ನಿಮ್ಮ ಮಗಳು ಮೊದಲ ದಿನಾನ ಕೈಗೆ ಸಿಕ್ಕಿದ್ಲು, ನಾನ ಬಿಟ್ಟೆ ಅಂತ. ಅವ್ರು ಬೈಬೇಕಾಗಿತ್ತು. ಕುಡಿಯಾಕ ನೀರು ಕೊಟ್ರು."

ಅಂದಿನಿಂದ ಅವರು ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಮೇಲೆ ತರುತ್ತಾರೆ. ಕೆಲಸ ನಿಧಾನವಾಗುತ್ತದೆ, ಪೊಲೀಸರು ಗೊಣಗುತ್ತಾರೆ, ಇವರು ಕೇಳುವುದಿಲ್ಲ. ಇವತ್ತು ಎಂಟು ಗಂಟೆಯ ಹೊತ್ತಿಗೆ ದಂಡೆಯಲ್ಲಿ ಹದಿನಾಲ್ಕು ಸೀರೆ, ಎರಡು ಪಂಚೆ ಬಿದ್ದಿವೆ. ಪ್ರತಿ ಸಲ ನೀರು ಕಲಕಿದಾಗಲೂ ಕೊಟ್ರಮ್ಮ ಎದ್ದು ನಿಲ್ಲುತ್ತಾರೆ, ಬಟ್ಟೆ ಕಂಡು ಮತ್ತೆ ಕೂರುತ್ತಾರೆ.

ದಮ್ಮು ತಿರುಗಿಸಿಕೊಳ್ಳಲು ಮೇಲೆ ಬಂದಾಗ ಎರ್ರೆಪ್ಪ ಬೀಡಿ ಸೇದುವುದಿಲ್ಲ, ಚಹಾ ಮುಟ್ಟುವುದಿಲ್ಲ. ನೇತ್ರಾಣಿಗೆ ಒಂದು ಸಲ ಕರೆದೊಯ್ಯುತ್ತೇನೆಂದು ಮೌನಿಕಾ ಹಟ ಹಿಡಿದಿದ್ದಳು. ಹರಿದ ತಮಟೆಯ ಕಿವಿಯಲ್ಲಿ ಅಷ್ಟು ಆಳ ಹೋಗಕೂಡದೆಂದು ಡಾಕ್ಟರು ಖಡಾಖಂಡಿತ ಹೇಳಿದರು. ಈ ಹೊಳೆಗೂ ಇಳಿಯಬಾರದೆಂದು ಅದೇ ಡಾಕ್ಟರು ಹೇಳಿದ್ದಾರೆ, ಅದನ್ನು ಇವರು ಮನೆಯಲ್ಲಿ ಬಾಯಿಬಿಟ್ಟಿಲ್ಲ. "ಅಲ್ಲಿ ಕೈ ಕಟ್ಗೊಂಡು ಇರಬೇಕಂತ್ರಿ. ಏನೂ ಮುಟ್ಟಬಾರ್ದಂತ, ಬರೇ ನೋಡ್ಬೇಕಂತ. ಹಂಗ ಒಂದ್ಸಲ ಇಳೀಬೇಕಂತ ಭಾಳ ಆಸಿ ಇತ್ತು."

ಹತ್ತೂವರೆಗೆ ಹಗ್ಗ ಮೂರು ಸಲ ಜಗ್ಗುತ್ತದೆ. ಸುಂಕಪ್ಪ ನೀರಿಗಿಳಿಯುತ್ತಾರೆ. ಇಬ್ಬರೂ ಸೇರಿ ವೀರಭದ್ರನನ್ನು ದಂಡೆಗೆ ತಂದು ಮಲಗಿಸುತ್ತಾರೆ. ಎರ್ರೆಪ್ಪ ತಕ್ಷಣ ಬೆನ್ನು ತಿರುಗಿಸಿ ಕೂರುತ್ತಾರೆ. ತಾವು ತಂದವರ ಮುಖವನ್ನು ಅವರು ಇದುವರೆಗೆ ನೋಡಿಲ್ಲ. "ನೋಡಿದ್ರ ಮರುದಿನ ನೀರಿಗೆ ಇಳ್ಯಾಕ ಕಾಲು ಬರಂಗಿಲ್ಲ" ಎನ್ನುತ್ತಾರೆ ಸುಂಕಪ್ಪ, ಮೆಲ್ಲಗೆ, ಅವರ ಪರವಾಗಿ.

ಕೊಟ್ರಮ್ಮನ ಅಳು ಕೇಳಲಾಗುವುದಿಲ್ಲ. ಅತ್ತು ಸಾಕಾದ ಮೇಲೆ ಅವರು ಸೆರಗು ಅದ್ದಿ ಮಗನ ಮುಖ ಒರೆಸುತ್ತಾರೆ, ಕಿವಿಯೊಳಗಿನ ಮರಳು ತೆಗೆಯುತ್ತಾರೆ, ಕೂದಲು ಹಿಂದಕ್ಕೆ ಸರಿಸುತ್ತಾರೆ. ಆಮೇಲೆ ಎದ್ದು ಎರ್ರೆಪ್ಪನ ಮುಂದೆ ಬಂದು ನಿಲ್ಲುತ್ತಾರೆ.

"ಅಣ್ಣಾ, ನಿನ್ನಿಯಿಂದ ನನ್ನ ಮಗನ್ನ ಹುಡುಕಿದಿ. ಒಂದ್ಸಲ ನೋಡು ಅವನ್ನ."

"ಬ್ಯಾಡವ್ವ."

"ಸಂಜಿಗೆ ಮಣ್ಣಿಗೆ ಇಡ್ತೀವಿ. ಇನ್ನ ಯಾರು ನೋಡ್ತಾರಣ್ಣ ಅವನ್ನ?"

ಎರ್ರೆಪ್ಪ ನೆಲಕ್ಕೆ ಕೈಯೂರಿ ತಿರುಗುತ್ತಾರೆ, ನೋಡುತ್ತಾರೆ.

"ಹಣಿ, ಮೂಗು ಎಲ್ಲಾ ನಿಂದ ಐತವ್ವ" ಎನ್ನುತ್ತಾರೆ. "ಚಂದ ಅದಾನ."