ಏರಿಗೆ ಬತ್ತೀನಿ, ಇರು

ಹಳೇಬೀಡಿನಲ್ಲಿ ನಮ್ಮ ಪಕ್ಕದ ಅಂಗಡಿಯ ಟೈಲರ್, ಮೊಬೈಲ್ ರಿಂಗಾದರೆ ಸಾಕು, "ಏರಿಗೆ ಬತ್ತೀನಿ, ಇರು" ಎಂದು ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡುತ್ತಿದ್ದರು. ಆಗ ಊರೊಳಗೆ ಮಾತು ತುಂಡಾಗುತ್ತಿತ್ತು. ಕೆರೆ ಏರಿಯ ಒಂದು ಕಲ್ಲಿನ ಬಳಿ ಮಾತ್ರ ಸಿಗ್ನಲ್ ಸರಿಯಾಗಿ ಸಿಗುತ್ತಿತ್ತು.

ಆಮೇಲೆ ಹೊಸ ಟವರ್ ಬಂತು. ಅವರ ಓಟ ಮಾತ್ರ ನಿಲ್ಲಲಿಲ್ಲ.

ಅವರ ಮಗಳನ್ನು ಹೆರಿಗೆಗೆ ಅರಸೀಕೆರೆಯ ಆಸ್ಪತ್ರೆಗೆ ಸೇರಿಸಿದ್ದರು. ಹಿಂದಿನ ದಿನದಿಂದಲೂ ಅವಳಿಗೆ ತುಂಬಾ ಕಷ್ಟವಾಗಿತ್ತು. ಅಳಿಯನ ಫೋನ್ ಬಂದಾಗ ನಾನು ಅಲ್ಲೇ ಇದ್ದೆ. ಟವರ್ ಮೊದಲೋ ಈ ಹೆರಿಗೆ ಮೊದಲೋ ಎಂದು ಆಗಾಗ ಅನುಮಾನವಾಗುತ್ತದೆ. ಆದರೆ "ಮಾವ" ಎಂಬ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತ್ತು, ಟವರೇ ಮೊದಲಿರಬೇಕು.

"ಈಗ್ಲೇ ಹೇಳ್ಬೇಡ ಕಣಪ್ಪ, ಏರಿಗೆ ಬತ್ತೀನಿ, ಇರು!"

ನಾನೂ ಹಿಂದೆಯೇ ಓಡಿದೆ. "ಅಂಗಡೀಲೇ ಕೇಳ್ಸುತ್ತಲ್ರೀ!"

"ಕೇಳ್ಸುತ್ತೆ ಸಾರ್. ಆದ್ರೆ ಆ ಕಲ್ಲತ್ರ ನಂಗೆ ಇವತ್ಗೂ ಒಂದೂ ಕೆಟ್ಟ ಸುದ್ದಿ ಬಂದಿಲ್ಲ."

ಕಲ್ಲಿನ ಮೇಲೆ ಕೂತು, ಏದುಸಿರು ಬಿಡುತ್ತಲೇ ಫೋನ್ ಕಿವಿಗಿಟ್ಟರು. "ಹ್ಞೂಂ, ಈಗ ಹೇಳು."

ನೀರಿನ ಕಡೆ ನೋಡುತ್ತಾ ಬಹಳ ಹೊತ್ತು ಕೇಳಿಸಿಕೊಂಡರು. "ಇಬ್ರೂ ಚೆನ್ನಾಗವ್ರಂತೆ" ಎಂದು ಕೊರಳಿನ ಟೇಪು ತೆಗೆದು, ಎರಡೂ ಕೈಯಲ್ಲಿ ಮೊಳದಷ್ಟು ಎಳೆದು ಹಿಡಿದು ತೋರಿಸಿದರು.

"ಕೂಸು ಇಷ್ಟುದ್ದ ಐತಂತೆ ಸಾರ್."