ಹಣೆಮಟ್ಟದ ಕಣಜ

ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ತರನ್ನುಮ ಅವರ ತಗಡಿನ ಅಂಗಡಿ ಇದೆ. ಕಾಳು ತುಂಬುವ ಕಣಜ, ನೀರಿನ ಡ್ರಮ್ಮು, ಹಿಟ್ಟಿನ ಡಬ್ಬಿ, ದುಂಡಗಿರುವುದು ಏನು ಬೇಕಾದರೂ ಅಲ್ಲಿ ತಯಾರಾಗುತ್ತದೆ. ಗಂಡ ಅಜೀಮ ಲಾರಿ ಓಡಿಸಲು ಹೋದರು. ಭಾವ ಸುಲ್ತಾನಸಾಬರಿಗೆ ಮೊಣಕಾಲು ನೋವಿನಿಂದ ನೆಲದ ಮೇಲೆ ಕೂತು ಕೆಲಸ ಮಾಡಲಾಗದೆ ಹೋಯಿತು. ಹೀಗೆ ಸುತ್ತಿಗೆ ತರನ್ನುಮ ಅವರ ಕೈಗೆ ಬಂತು.

"ಹೆಣ್ಣಮಗಳು ತಗಡು ಬಡಿಯೋದು ಎಲ್ಲರೆ ನೋಡೀರೇನು?" ಎಂದು ಎದುರಿನ ಹೋಟೆಲಿನಲ್ಲಿ ಕೂತವರು ಅವರಿಗೆ ಕೇಳುವಂತೆಯೇ ಮಾತಾಡಿಕೊಂಡರೆ, "ಇಲ್ಲೇ ನೋಡ್ರಿ, ಟಿಕೆಟ್ ಏನಿಲ್ಲ" ಎಂದು ತರನ್ನುಮ ಬಡಿಯುವುದನ್ನು ಮುಂದುವರಿಸುತ್ತಿದ್ದರು.

ಹತ್ತನೆಯ ತರಗತಿವರೆಗೆ ಓದಿದ ಅವರಿಗೆ ಸಿಲಿಂಡರಿನ ಘನಫಲದ ಸೂತ್ರ ಮರೆತಿಲ್ಲ. ತ್ರಿಜ್ಯದ ವರ್ಗವನ್ನು ಪೈಯಿಂದ ಗುಣಿಸಿ, ಎತ್ತರದಿಂದ ಗುಣಿಸಬೇಕು. ಆದರೆ ತಗಡಿನ ಕೆಲಸದಲ್ಲಿ ತ್ರಿಜ್ಯ ಕೈಗೆ ಸಿಗುವುದಿಲ್ಲ, ಸುತ್ತಳತೆ ಸಿಗುತ್ತದೆ. ಆದ್ದರಿಂದ ಅದೇ ಸೂತ್ರವನ್ನು ಅವರು ತಿರುಗಿಸಿ ಇಟ್ಟುಕೊಂಡಿದ್ದಾರೆ: ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸು, ಹನ್ನೆರಡೂವರೆಯಿಂದ ಭಾಗಿಸು, ಬಂದದ್ದನ್ನು ಎತ್ತರದಿಂದ ಗುಣಿಸು. ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು, ಜೋಳಕ್ಕೆ ಅದು ಲೆಕ್ಕಕ್ಕಿಲ್ಲ.

ನಮ್ಮ ಊರು ಗೋಗಿಯಲ್ಲಿ ಕಣಜವನ್ನು ಹಾಗೆ ಅಳೆಯುವುದಿಲ್ಲ. ಮನೆಯ ಹಿರಿಯ ಹೆಣ್ಣುಮಗಳು ಅದರ ಪಕ್ಕ ನಿಲ್ಲಬೇಕು, ಕಣಜದ ಬಾಯಿ ಅವಳ ಹಣೆಗೆ ಬರಬೇಕು. ಅಷ್ಟು ಎತ್ತರವಿದ್ದರೆ ಮಕ್ಕಳ ಕೈ ಕಾಳಿಗೆ ತಾಗುವುದಿಲ್ಲ. ಇಲ್ಲದಿದ್ದರೆ ಬೊಗಸೆ ಜೋಳ ಐಸ್ಕ್ರೀಮಿನ ಗಾಡಿಗೆ ಹೋಗುತ್ತದೆ.

ನಮ್ಮ ಓಣಿಯ ಹನುಮಮ್ಮ ಆರ್ಡರು ಕೊಡುವಾಗ ಎರಡು ಮಾತು ಹೇಳಿದ್ದರು. ಐವತ್ತು ಕಿಲೋದ ಎರಡು ಚೀಲ ಜೋಳ ಹಿಡಿಯಬೇಕು, ಹಣೆಮಟ್ಟ ಇರಬೇಕು. ತಳ ಮತ್ತು ಮುಚ್ಚಳ ಬಿಟ್ಟರೆ ಅವರು ಕೊಟ್ಟ ದುಡ್ಡಿಗೆ ಬರುತ್ತಿದ್ದದ್ದು ಐದಡಿ ಉದ್ದ, ಮೂರಡಿ ಅಗಲದ ಒಂದೇ ತಗಡು. ಅದರಲ್ಲಿ ಎರಡೂ ಮಾತು ನಡೆಯುವುದಿಲ್ಲವೆಂದು ತರನ್ನುಮ ಲೆಕ್ಕ ಹಾಕಿ ನೋಡಿದರು. ಚೀಲದ ಮಾತನ್ನು ಉಳಿಸಿಕೊಂಡು, ಕಣಜ ಗಿಡ್ಡಕ್ಕೆ ನಿಲ್ಲುವಂತೆ ತಗಡನ್ನು ಅಡ್ಡಕ್ಕೆ ಸುತ್ತಿದರು.

ಅವರು ಹಾಗೆ ಮಾಡಿದ್ದು ಎಂಥ ಹೊತ್ತಿನಲ್ಲಿ ಎಂದರೆ, ಅಂಗಡಿಯನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಡಲು ಸುಲ್ತಾನಸಾಬರು ಮಾತು ಆಡಿಯಾಗಿತ್ತು. "ಈ ಸುಗ್ಗಿ ಒಂದು ನೋಡ್ರಿ" ಎಂದು ತರನ್ನುಮ ಕೇಳಿಕೊಂಡಿದ್ದರು. "ಹಳ್ಳಿಯಿಂದ ಒಂದು ದೂರು ಬಂದರೂ ಬೀಗ" ಎಂದು ಭಾವ ಒಪ್ಪಿದ್ದರು. ಗೋಗಿಗೆ ಕಣಜ ತಂದ ಗೂಡ್ಸ್ ಆಟೋದಲ್ಲಿ ತರನ್ನುಮ ಜೊತೆ ಅವರೂ ಬಂದಿದ್ದರು.

ಹನುಮಮ್ಮ ತಮ್ಮ ಪಡಸಾಲೆಯಲ್ಲಿ ಇಳಿಸಿದ ಕಣಜದ ಪಕ್ಕ ನಿಂತರು. ಅದು ಅವರ ಸೊಂಟವನ್ನು ದಾಟಲಿಲ್ಲ.

"ಇದೇನವಾ ತಂಗಿ, ಕಣಜ ತಂದೀಯೋ, ಕುಂದ್ರಾಕ ಸ್ಟೂಲ್ ತಂದೀಯೋ?"

"ಎರಡು ಚೀಲ ಹಿಡಿತದ್ರಿ ಅವ್ವಾ."

"ಹಣಿಮಟ ಅಂತನೂ ಅಂದಿದ್ನೆಲ್ಲ! ಉಳಿದ ತಗಡು ಎಲ್ಲಿ ಹೋತು? ನಿಮ್ಮ ಕೋಳಿಗೂಡಿಗೆ ಬಡದೀಯೇನು?"

ನೋಡಲು ಬಂದವರು ನಕ್ಕರು. ಸುಲ್ತಾನಸಾಬರು ನಗಲಿಲ್ಲ. "ಆಯ್ತಲ್ಲ, ಇದನ್ನ ಕೇಳಾಕ ಇಲ್ಲೀತನ ಬಂದ್ವಿ. ನಡಿ ಇನ್ನ" ಎಂದು ಆಟೋದ ಕಡೆ ತಿರುಗಿದರು.

"ಒಂದು ಹಗ್ಗ ಕೊಡ್ರಿ" ಎಂದರು ತರನ್ನುಮ.

ಹಗ್ಗದ ಒಂದು ತುದಿಯನ್ನು ಹನುಮಮ್ಮನ ಹಿಮ್ಮಡಿಯ ಕೆಳಗೆ ಇಟ್ಟು, ಮೇಲಕ್ಕೆ ಎಳೆದು, ಹಣೆಯ ಕುಂಕುಮದ ನೇರಕ್ಕೆ ಗಂಟು ಹಾಕಿದರು. ಆಮೇಲೆ ಅದೇ ಹಗ್ಗವನ್ನು ಕಣಜಕ್ಕೆ ಸುತ್ತಿದರು. ಗಂಟು ಹಗ್ಗದ ತುದಿಗೆ ಬಂದು ಮುಟ್ಟಿತು.

"ನಿಮ್ಮ ಹಣಿಮಟ ಇಲ್ಲೇ ಐತ್ರಿ ಅವ್ವಾ. ನಿಲ್ಲಿಸಿಲ್ಲ, ಸುತ್ತೀನಿ."

ಹನುಮಮ್ಮ ಹಗ್ಗವನ್ನು ತಾವೇ ಇನ್ನೊಮ್ಮೆ ಸುತ್ತಿ ನೋಡಿದರು. "ಆತು ಬಿಡು, ನೀ ಕದ್ದಿಲ್ಲ. ಆದ್ರ ಅಷ್ಟೇ ತಗಡು, ಅಷ್ಟೇ ಕಾಳು. ಉದ್ದ ಸುತ್ತಿದ್ರೇನು, ಅಡ್ಡ ಸುತ್ತಿದ್ರೇನು? ನಾ ಹೇಳಿದಂಗ ಮಾಡಾಕ ನಿನಗೇನು ಧಾಡಿ?"

"ಅದು ಖರೆ," ಎಂದರು ಸುಲ್ತಾನಸಾಬರು. "ನಾನೂ ಇಷ್ಟು ವರ್ಷ ಉದ್ದಕ್ಕೇ ಸುತ್ತೀನಿ."

ತರನ್ನುಮ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಹನುಮಮ್ಮನನ್ನು ಕೇಳಿ, ಮುಗಿದ ತಿಂಗಳುಗಳ ಎರಡು ಹಾಳೆ ಹರಿದುಕೊಂಡರು. ನಾನು ಮನೆಯಿಂದ ಅಂಟಿಸುವ ಟೇಪು ತಂದುಕೊಟ್ಟೆ. ಒಂದು ಹಾಳೆಯನ್ನು ಉದ್ದಕ್ಕೆ ನಿಲ್ಲುವಂತೆ, ಇನ್ನೊಂದನ್ನು ಗಿಡ್ಡಕ್ಕೆ ನಿಲ್ಲುವಂತೆ ಸುತ್ತಿ ಅಂಟಿಸಿದರು. ಮೊರದಲ್ಲಿ ಗಿಡ್ಡನೆಯದನ್ನು ಇಟ್ಟು, ಅದರೊಳಗೆ ಉದ್ದನೆಯದನ್ನು ನಿಲ್ಲಿಸಿ, ಉದ್ದನೆಯದಕ್ಕೆ ಬಾಯಿತನಕ ಜೋಳ ಸುರಿದರು.

"ಈಗ ಒಳಗಿಂದು ನೀವೇ ಎತ್ರಿ ಅವ್ವಾ. ನಾ ಎತ್ತಿದ್ರ ಮಾಟ ಅಂತೀರಿ."

ಹನುಮಮ್ಮ ಎತ್ತಿದರು. ಜೋಳ ಸರ್ರನೆ ಇಳಿದು ಹರಡಿಕೊಂಡಿತು. ಅವರು ಬಗ್ಗಿ ನೋಡಿದರು. ಅಗಲದ ಹಾಳೆಯಲ್ಲಿ ಮೂರನೇ ಒಂದು ಪಾಲು ಇನ್ನೂ ಖಾಲಿ ಇತ್ತು. ಅವರು ಒಂದು ಬೊಗಸೆ ಜೋಳ ಹಾಕಿದರು, ಇನ್ನೊಂದು ಹಾಕಿದರು. ಇನ್ನೂ ಹಿಡಿಯಿತು.

"ಹೆಂಗವಾ ಇದು?"

"ಲೆಕ್ಕದಾಗ ಎತ್ತರ ಒಮ್ಮೆ ಬರ್ತದ, ಸುತ್ತಳತಿ ಎರಡು ಸಲ ಬರ್ತದ. ನಿಮ್ಮ ಕಣಜದ ಸುತ್ತ ಐದಡಿ. ಐದೈದ್ಲಿ ಇಪ್ಪತ್ತೈದು, ಹನ್ನೆರಡೂವರಿಗೆ ಭಾಗಿಸಿದ್ರ ಎರಡು, ಮೂರಡಿ ಎತ್ತರ ಅಂದ್ರ ಆರು ಘನ ಅಡಿ. ಉದ್ದಕ್ಕ ಸುತ್ತಿದ್ರ ನಾಲ್ಕೂ ಆಗತಿರಲಿಲ್ಲ. ಒಂದು ಚೀಲ ಒಳಗ, ಇನ್ನೊಂದರಾಗ ಅರ್ಧ ಹೊರಗ." ಮೊರದ ಅಂಚಿಗೆ ಚೆಲ್ಲಿದ ಕಾಳು ಬಳಿಯುತ್ತ ಹೇಳಿದರು, "ಸುತ್ತೋಕಿಂತ ಮೊದ್ಲ ನಿಮಗ ಒಂದು ಫೋನ್ ಮಾಡಬೇಕಿತ್ತು. ಅದು ನನ್ನ ತಪ್ಪು."

"ಫೋನ್ ಮಾಡಿದ್ರ ನಾ ಒಲ್ಲೆ ಅಂತಿದ್ದೆ ಬಿಡು" ಎಂದು ಹನುಮಮ್ಮ ಚೀಲದ ಬಾಯಿ ಬಿಚ್ಚಿದರು. ಒಂದು ಚೀಲ ಹೋಯಿತು, ಎರಡನೆಯದೂ ಹೋಯಿತು, ಮೇಲೆ ಜಾಗ ಉಳಿಯಿತು.

"ಆದ್ರ ನಮ್ಮ ಹುಡುಗೂರ ಕೈ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡು, ಉತ್ತರವನ್ನೂ ಅವರೇ ಕೊಟ್ಟರು. "ಕೆಳಗ ಎರಡಡಿ ಕಲ್ಲಿನ ಕಟ್ಟಿ ಮಾಡಸ್ತೀನಿ. ಜೋಳ ತಗದು ಮತ್ತ ತುಂಬಾಕ ಬರ್ತೀಯಿಲ್ಲ? ತಗಡು ಬಡಿಯೋ ಕೈ, ಗಟ್ಟಿ ಇರ್ತಾವ."

ಪಕ್ಕದ ಮನೆಯ ನಾಗಲಕ್ಷ್ಮಿ ಅಷ್ಟರಲ್ಲಿ ಹಗ್ಗವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. "ನಂದು ಸುಗ್ಗಿ ಬಾಳ ಐತಿ. ನನಗ ಇದಕ್ಕಿಂತ ಅಗಲ ಬೇಕ್ರಿ. ತಗಡು ಎಷ್ಟಾಗ್ತದ, ಈಗೇ ಹೇಳಿಬಿಡ್ರಿ."

ವಾಪಸು ಹೋಗುವಾಗ ಸುಲ್ತಾನಸಾಬರು ಶಹಾಪುರದಲ್ಲಿ ತಗಡಿನ ವ್ಯಾಪಾರಿಯ ಅಂಗಡಿ ಮುಂದೆ ಆಟೋ ನಿಲ್ಲಿಸಿದರಂತೆ. "ಎಷ್ಟು ತಗಡು ಬೇಕು, ನೀನೇ ಹೇಳು" ಎಂದರಂತೆ.

"ಹೇಳ್ತೀನಿ ಭಾಯಿ. ಮೊದ್ಲ ಆ ಮೊಬೈಲಿನವರಿಗೆ ಫೋನ್ ಮಾಡ್ರಿ."

ಅವರು ಆಟೋದಲ್ಲಿ ಕೂತೇ ಫೋನ್ ಮಾಡಿ, ಅಂಗಡಿ ಬಾಡಿಗೆಗೆ ಇಲ್ಲ ಎಂದು ಹೇಳಿದರು. ತರನ್ನುಮ ಇಳಿದು ತಗಡು ಆರಿಸಲು ಒಳಗೆ ಹೋದರು.